ಕಾಡಿನ ಎರಡೂ ಕಡೆ ಕೇಳಿಸಿದ ಜಿ.ಕೆ. ವೆಂಕಟೇಶ್

ತೆಪ್ಪಕಾಡು: ಕ್ಯಾಸೆಟ್ ಕಾಲದಲ್ಲಿ ಮೈಸೂರು-ಊಟಿ ಬಸ್ಸಿನಲ್ಲಿ ಓಡಾಡಿದವರಿಗೆ ಇದು ಗೊತ್ತಿರುತ್ತದೆ. ಗುಂಡ್ಲುಪೇಟೆಯ ಟೀ ಅಂಗಡಿಯಲ್ಲಿ ರಾಜ್‌ಕುಮಾರ್ ಹಾಡು, ಬಂಡೀಪುರದ ಕಾಡು ದಾಟಿ ಮೋಯಾರ್ ಹೊಳೆಯ ಸೇತುವೆ ಹತ್ತಿರ ಬಂದರೆ ಇಳಯರಾಜ ಹಾಡು. ಆಚೆಯ ಎಷ್ಟೋ ಹಾಡುಗಳನ್ನು ಕಟ್ಟಿದವರು ಜಿ.ಕೆ. ವೆಂಕಟೇಶ್. ಅವರ ಪಕ್ಕದಲ್ಲಿ ಕೂತು ಸ್ವರ ಬರೆದುಕೊಳ್ಳುತ್ತಿದ್ದ ಹುಡುಗನೇ ಮುಂದೆ ಈಚೆಯವರ ಇಳಯರಾಜ. ಎರಡೂ ಭಾಷೆ ಬಲ್ಲ ನಮ್ಮ ಕಡೆಯವರಲ್ಲೂ ಈ ನಂಟು ತಿಳಿದವರು ಕಡಿಮೆ.

ವೆಂಕಟೇಶ್ ಹುಟ್ಟಿದ್ದು 1927ರ ಸೆಪ್ಟೆಂಬರ್ 21ರಂದು, ಹೈದರಾಬಾದಿನಲ್ಲಿ. ಮನೆಮಾತು ತೆಲುಗು, ದುಡಿಮೆ ಮದ್ರಾಸಿನಲ್ಲಿ, ಹೆಸರು ಬಂದದ್ದು ಕನ್ನಡದಲ್ಲಿ. ಆಗ ಕನ್ನಡ ಸಿನಿಮಾಗಳು ತಯಾರಾಗುತ್ತಿದ್ದುದೂ ಹೆಚ್ಚಾಗಿ ಮದ್ರಾಸಿನಲ್ಲೇ. ಒಂದೇ ಸ್ಟುಡಿಯೋದಲ್ಲಿ ಬೆಳಿಗ್ಗೆ ತಮಿಳು, ಮಧ್ಯಾಹ್ನ ಕನ್ನಡ. ವಾದ್ಯಗಾರರಿಗೆ ಭಾಷೆಯ ಗಡಿ ಎಂಬುದೇ ಇರಲಿಲ್ಲ.

1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಅವರು ರಾಜ್‌ಕುಮಾರ್ ಮತ್ತು ಎಸ್. ಜಾನಕಿ ಅವರಿಂದ ಯುಗಳಗೀತೆ ಹಾಡಿಸಿದರು. 1966ರ 'ಸಂಧ್ಯಾರಾಗ'ದಲ್ಲಿ ಭೀಮಸೇನ ಜೋಶಿಯವರ ಗಾಯನವಿತ್ತು. ಇಷ್ಟರಿಂದ ಅವರು ಶಾಸ್ತ್ರೀಯದ ಕಡೆಯವರು ಎಂದು ತೀರ್ಮಾನಿಸಿದರೆ ಎರಡೇ ವರ್ಷದಲ್ಲಿ ಅದು ಸುಳ್ಳಾಯಿತು.

1968ರಲ್ಲಿ ದೊರೈ-ಭಗವಾನ್ ಜೋಡಿಯ 'ಜೇಡರ ಬಲೆ' ಬಂತು. ಪಂಚೆ ಉಟ್ಟು, ಕಿರೀಟ ತೊಟ್ಟು ಕಾಣುತ್ತಿದ್ದ ರಾಜ್‌ಕುಮಾರ್ ಕೋಟು ಹಾಕಿ ಪಿಸ್ತೂಲು ಹಿಡಿದರು. ಹಿಂದೆಯೇ 'ಗೋವಾದಲ್ಲಿ ಸಿಐಡಿ 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999'. ಮೂರಕ್ಕೂ ಸಂಗೀತ ವೆಂಕಟೇಶರದೇ. ಅಮೆರಿಕದ ಕಪ್ಪು ಜನಾಂಗದ ಸಂಗೀತಗಾರರು ಸೋಲ್, ಫಂಕ್ ಎಂಬ ಹೊಸ ಬಗೆಗಳಿಂದ ಜಗತ್ತನ್ನು ಕುಣಿಸುತ್ತಿದ್ದ ವರ್ಷಗಳವು. ರಾಗಕ್ಕಿಂತ ತಾಳ ಮುಂದು, ಬೇಸ್ ಗಿಟಾರ್ ಮತ್ತು ಡ್ರಮ್ಸ್ ಹಾಡಿನ ಬೆನ್ನೆಲುಬು. ಅದರ ಗಾಳಿ ಮದ್ರಾಸಿನ ಸ್ಟುಡಿಯೋಗಳಿಗೂ ಬೀಸಿತ್ತು. ವೆಂಕಟೇಶ್ ಫಂಕ್ ಸಂಗೀತಗಾರರೇನಲ್ಲ. ಆದರೆ ಕನ್ನಡದ ಕಿವಿಗೆ ಆ ನಡೆಯನ್ನು ರೂಢಿ ಮಾಡಿಸಿದವರಲ್ಲಿ ಅವರು ಮೊದಲಿಗರು ಎಂದರೆ ತಪ್ಪಾಗದು.

ಅದೇ ಕೈ 'ಕಸ್ತೂರಿ ನಿವಾಸ' (1971), 'ಬಂಗಾರದ ಮನುಷ್ಯ' (1972), 'ಭೂತಯ್ಯನ ಮಗ ಅಯ್ಯು' (1974) ಚಿತ್ರಗಳಿಗೂ ಸಂಗೀತ ಕೊಟ್ಟಿತು. 'ಕಸ್ತೂರಿ ನಿವಾಸ'ದ ಗೊಂಬೆಯ ಹಾಡು ಎರಡು ಸಲ ಬರುತ್ತದೆ. ಒಮ್ಮೆ ಮೈಮರೆಸುವ ಸಂತೋಷಕ್ಕೆ, ಇನ್ನೊಮ್ಮೆ ಎದೆ ಹಿಂಡುವ ದುಃಖಕ್ಕೆ. ಧಾಟಿ ಒಂದೇ, ನಡೆ ಬೇರೆ.

ಪಣ್ಣೈಪುರಂ ಎಂಬ ಹಳ್ಳಿಯಿಂದ ಬಂದಿದ್ದ ಇಳಯರಾಜ ಸೇರಿಕೊಂಡದ್ದು ಈ ಕೆಲಸದ ಗಡಿಬಿಡಿಯ ನಡುವೆ. ವೆಂಕಟೇಶ್ ಧಾಟಿ ಹಾಕುತ್ತಿದ್ದರು. ಯಾವ ವಾದ್ಯ ಎಲ್ಲಿ ಬರಬೇಕು, ಏನು ನುಡಿಸಬೇಕು ಎಂದು ಬರೆದು ಹಂಚುವ ಕೆಲಸ ಸಹಾಯಕನದು. ಬಿಡುವಿನಲ್ಲಿ ಆತ ವಾದ್ಯಗಾರರನ್ನು ಕಾಡಿಬೇಡಿ ತಾನು ಬರೆದದ್ದನ್ನೂ ನುಡಿಸಿ ನೋಡುತ್ತಿದ್ದ. ಸಹಾಯಕ ಸ್ವಂತದ್ದು ಬರೆಯತೊಡಗಿದರೆ ಮುಖ ಗಂಟಿಕ್ಕುವ ಯಜಮಾನರಿಗೆ ಈ ಉದ್ಯಮದಲ್ಲಿ ಬರವಿಲ್ಲ. ವೆಂಕಟೇಶರ ಗರಡಿಯಲ್ಲಿ ಹುಡುಗ ಬೆಳೆದ. 1976ರಲ್ಲಿ 'ಅನ್ನಕಿಳಿ' ಬಂತು, ತಮಿಳು ಸಿನಿಮಾ ಸಂಗೀತದ ದಿಕ್ಕೇ ಬದಲಾಯಿತು. 'ಮಾಲ್ಗುಡಿ ಡೇಸ್' ಧಾರಾವಾಹಿಯ ಎಲ್. ವೈದ್ಯನಾಥನ್ ಕೂಡ ಇವರ ಬಳಿಯೇ ಪಳಗಿದವರು.

ವೆಂಕಟೇಶರ ಇನ್ನೊಂದು ತೀರ್ಮಾನ ಕನ್ನಡ ಸಿನಿಮಾದ ದಾರಿಯನ್ನೇ ತಿರುಗಿಸಿತು. ಅಲ್ಲಿಯವರೆಗೆ ರಾಜ್‌ಕುಮಾರ್ ಎಂದರೆ ಪಿ.ಬಿ. ಶ್ರೀನಿವಾಸ್ ದನಿ. 1974ರ 'ಸಂಪತ್ತಿಗೆ ಸವಾಲ್'ನಲ್ಲಿ ಎಮ್ಮೆಯ ಮೇಲೆ ಕೂತು ಹಾಡುವ ಹಾಡನ್ನು ವೆಂಕಟೇಶ್ ನಟನಿಂದಲೇ ಹಾಡಿಸಿದರು. ಹಳ್ಳಿಹಳ್ಳಿಯಲ್ಲಿ ಅದೇ ಹಾಡು. ಆಮೇಲೆ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಕನ್ನಡಕ್ಕೊಬ್ಬ ಗಾಯಕ ಸಿಕ್ಕಿದ. ಆದರೆ ಅಷ್ಟು ವರ್ಷ ಆ ತುಟಿಗಳಿಗೆ ದನಿಯಾಗಿದ್ದ ಶ್ರೀನಿವಾಸ್ ಹಿಂದೆ ಸರಿಯಬೇಕಾಯಿತು. ಲಾಭದ ಜೊತೆಗೆ ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

1977ರ 'ಸನಾದಿ ಅಪ್ಪಣ್ಣ'ದಲ್ಲಿ ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿ. ಮರುವರ್ಷವೇ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ರಾಜ್‌ಕುಮಾರ್ ಬಾಯಲ್ಲಿ ಇಂಗ್ಲಿಷ್ ಹಾಡು! ಇಂಗ್ಲಿಷ್ ಬಾರದ ಹಳ್ಳಿಯವರೂ ಅದನ್ನು ಗುನುಗಿದರು, ಯೂಟ್ಯೂಬ್ ಬಂದ ಮೇಲೆ ಅವರ ಮೊಮ್ಮಕ್ಕಳೂ ಗುನುಗಿದರು. ಶಹನಾಯಿಯಿಂದ ಬೇಸ್ ಗಿಟಾರಿಗೆ ಒಂದೇ ವರ್ಷದಲ್ಲಿ ಜಿಗಿಯುವುದು ಎಲ್ಲರಿಂದಾಗುವ ಮಾತಲ್ಲ.

ಎಂಬತ್ತರ ದಶಕದಲ್ಲಿ ಹೊಸಬರು ಬಂದರು. ಶಿಷ್ಯನೂ 'ಗೀತಾ' (1981), 'ಪಲ್ಲವಿ ಅನುಪಲ್ಲವಿ' (1983) ಹಾಡುಗಳಿಂದ ಕನ್ನಡದವರ ಮನ ಗೆದ್ದ. 1993ರಲ್ಲಿ ಇಳಯರಾಜರ ಸಿಂಫನಿಯನ್ನು ಲಂಡನ್ನಿನ ರಾಯಲ್ ಫಿಲ್ಹಾರ್ಮೊನಿಕ್ ತಂಡ ನುಡಿಸಿತು. ಅದೇ ವರ್ಷ ನವೆಂಬರ್ 17ರಂದು ವೆಂಕಟೇಶ್ ತೀರಿಕೊಂಡರು. ವಯಸ್ಸು 66.

2014ರಲ್ಲಿ 'ಕಸ್ತೂರಿ ನಿವಾಸ'ಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಕಪ್ಪು-ಬಿಳುಪಾಗಿದ್ದ ಚಿತ್ರ ಬಣ್ಣ ಕಂಡಿತು. ಗೊಂಬೆಯ ಹಾಡು ಮಾತ್ರ ವೆಂಕಟೇಶ್ ಕಟ್ಟಿದ ಧಾಟಿಯಲ್ಲೇ ಚಿತ್ರಮಂದಿರಗಳಲ್ಲಿ ಮತ್ತೆ ಕೇಳಿಸಿತು.