ಹತ್ತು ಸಾವಿರ ಬಂದೂಕಿನ ಮಾತು ಕೊಟ್ಟ ಎಲಿ ವಿಟ್ನಿ

ಮೊದಲ ವರ್ಷದ ವರ್ಕ್‌ಶಾಪ್ ನೆನಪಿದೆ ತಾನೆ? ಅರ ಹಿಡಿದು ಗಂಟೆಗಟ್ಟಲೆ ಉಜ್ಜಿ, ಎರಡು ಕಬ್ಬಿಣದ ತುಂಡುಗಳನ್ನು ಒಂದಕ್ಕೊಂದು ಕೂರಿಸಿದ್ದೆವು. ನಮ್ಮ ತುಂಡು ಪಕ್ಕದವನ ತುಂಡಿಗೆ ಕೂರುತ್ತಿತ್ತಾ? ಊಹೂಂ! ಇನ್ನೂರು ವರ್ಷಗಳ ಹಿಂದೆ ಅಮೆರಿಕದ ಸೈನಿಕರ ಬಂದೂಕಿಗೂ ಇದೇ ತಾಪತ್ರಯ. ಅದನ್ನು ಬಗೆಹರಿಸುತ್ತೇನೆಂದು ಮಾತು ಕೊಟ್ಟವನು ಎಲಿ ವಿಟ್ನಿ.

ಆತ ಹುಟ್ಟಿದ್ದು 1765ರ ಡಿಸೆಂಬರ್ 8ರಂದು, ಮ್ಯಾಸಚೂಸೆಟ್ಸ್‌ನ ವೆಸ್ಟ್‌ಬರೋದಲ್ಲಿ, ರೈತನ ಮಗನಾಗಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ ಮೊಳೆ ಮಾಡಿ ಮಾರಿದ. 1792ರಲ್ಲಿ ಯೇಲ್‌ನಿಂದ ಪದವಿ. ಮರುವರ್ಷ ಜಾರ್ಜಿಯಾದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಯಂತ್ರ ಮಾಡಿದ. 1794ರಲ್ಲಿ ಪೇಟೆಂಟ್ ಸಿಕ್ಕರೂ ಜನ ಅದನ್ನು ನಕಲು ಮಾಡಿಕೊಂಡರು. ಕೋರ್ಟು ಅಲೆದು ಜೇಬು ಖಾಲಿಯಾಯ್ತು. ಆ ಯಂತ್ರದಿಂದ ಹತ್ತಿ ಬೆಳೆ ಹಬ್ಬಿತು, ಜೊತೆಗೆ ಗುಲಾಮಗಿರಿಯೂ ಬಲವಾಯ್ತು ಅನ್ನೋದನ್ನ ನಾವು ಮರೆಯಬಾರದು.

1798ರಲ್ಲಿ ಫ್ರಾನ್ಸ್ ಜೊತೆ ಯುದ್ಧದ ಭೀತಿ. ಸರ್ಕಾರಕ್ಕೆ ಬಂದೂಕು ಬೇಕಿತ್ತು, ವಿಟ್ನಿಗೆ ದುಡ್ಡು ಬೇಕಿತ್ತು. 1,34,000 ಡಾಲರಿಗೆ 10,000 ಬಂದೂಕು, 1800ರೊಳಗೆ ಕೊಡ್ತೀನಿ ಅಂತ ಸಹಿ ಹಾಕಿದ. ಆಗ ಆತನ ಬಳಿ ಬಂದೂಕಿನ ಕಾರ್ಖಾನೆಯೂ ಇರಲಿಲ್ಲ, ಬಂದೂಕು ಮಾಡಿದ ಅನುಭವವೂ ಇರಲಿಲ್ಲ!

ಅವು ಚಕಮಕಿ ಬಂದೂಕುಗಳು. ಕುದುರೆಯ ಬಾಯಲ್ಲಿ ಸಿಕ್ಕಿಸಿದ ಕಲ್ಲು ಉಕ್ಕಿನ ತುಂಡಿಗೆ ಬಡಿದರೆ ಕಿಡಿ ಹಾರುತ್ತೆ. ಕೆಳಗಿನ ಬಟ್ಟಲಿನ ಮದ್ದು ಹೊತ್ತಿ, ಸಣ್ಣ ತೂತಿನ ಮೂಲಕ ಬೆಂಕಿ ನಳಿಗೆಯೊಳಗೆ ಹೋಗಿ ಗುಂಡು ಹಾರುತ್ತೆ. ಈ ಭಾಗಗಳನ್ನೆಲ್ಲ ಕಮ್ಮಾರ ಕೈಯಲ್ಲೇ ಉಜ್ಜಿ ಹೊಂದಿಸುತ್ತಿದ್ದ. ಒಂದು ಮುರಿದರೆ ಇನ್ನೊಂದು ಬಂದೂಕಿನದು ಹಾಗೇ ಕೂರುತ್ತಿರಲಿಲ್ಲ. ಎಲ್ಲ ಭಾಗಗಳನ್ನೂ ಒಂದೇ ಅಳತೆಗೆ ಮಾಡುತ್ತೇನೆ ಎಂಬುದು ವಿಟ್ನಿಯ ಭರವಸೆ.

ಗಡುವು ಮುಗಿದರೂ ಒಂದು ಬಂದೂಕೂ ಬರಲಿಲ್ಲ. 1801ರ ಜನವರಿಯಲ್ಲಿ ಆತ ವಾಷಿಂಗ್ಟನ್‌ಗೆ ಹೋಗಿ, ಬಿಡಿಭಾಗಗಳ ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ಆರಿಸಿ ಜೋಡಿಸಿ ತೋರಿಸಿದ. ನೋಡಿದವರು ಬೆರಗಾದರು, ಕಾಲಾವಕಾಶ ಸಿಕ್ಕಿತು. ಕೊನೆಯ ಬಂದೂಕು ಸರ್ಕಾರದ ಕೈಸೇರಿದ್ದು 1809ರಲ್ಲಿ.

ಆದರೆ ಎಷ್ಟೋ ಕಾಲದ ಮೇಲೆ ಉಳಿದ ಬಂದೂಕುಗಳನ್ನು ಬಿಚ್ಚಿ ನೋಡಿದ ಇತಿಹಾಸಕಾರರಿಗೆ, ಒಂದರ ಭಾಗ ಇನ್ನೊಂದಕ್ಕೆ ಕೂರದ್ದು ಕಂಡಿತು. ವಾಷಿಂಗ್ಟನ್ನಿನ ಭಾಗಗಳನ್ನೂ ಮೊದಲೇ ಉಜ್ಜಿ ಹೊಂದಿಸಿದ್ದಿರಬೇಕು ಎಂದು ಅವರ ಊಹೆ. ಆ ಕೆಲಸವನ್ನು ನಿಜವಾಗಿ ಸಾಧಿಸಿದವನು ಹಾರ್ಪರ್ಸ್ ಫೆರಿಯ ಜಾನ್ ಹಾಲ್, 1820ರ ದಶಕದಲ್ಲಿ. ವಿಟ್ನಿ 1825ರ ಜನವರಿ 8ರಂದು ತೀರಿಕೊಂಡ. ಹೆಸರು ಮಾತ್ರ ಬಹುಕಾಲ ಅವನದೇ ಉಳಿಯಿತು.

ಡೆಮೊ ದಿನ ಮಾತ್ರ ಓಡುವ ಪ್ರಾಜೆಕ್ಟ್ ನಮ್ಮಲ್ಲೂ ಎಷ್ಟಿಲ್ಲ? ವಿಟ್ನಿಯನ್ನು ಬೈಯುವ ಮೊದಲು ನಮ್ಮ ಬೆಂಚಿನ ಕಡೆ ಒಮ್ಮೆ ನೋಡಿಕೊಳ್ಳೋಣ.