ಹಡಗಿನ ಅಡುಗೆಮನೆಯಿಂದ ರಾಷ್ಟ್ರಾಧ್ಯಕ್ಷ ಪೀಠಕ್ಕೆ: ಘಾನಾದ ಕ್ವಾಮೆ ಎನ್‌ಕ್ರುಮಾ

ಆಫ್ರಿಕ ಖಂಡದ ಪಶ್ಚಿಮ ತೀರದಲ್ಲಿರುವ ಘಾನಾ ದೇಶವನ್ನು ಆಂಗ್ಲರು ತಮ್ಮ ಆಳ್ವಿಕೆಯ ಕಾಲದಲ್ಲಿ ಗೋಲ್ಡ್ ಕೋಸ್ಟ್, ಅಂದರೆ ಚಿನ್ನದ ಕರಾವಳಿ ಎಂದು ಕರೆಯುತ್ತಿದ್ದರು. ಪರದೇಶದವರು ಅಲ್ಲಿಗೆ ಯಾವ ಉದ್ದೇಶದಿಂದ ಬಂದರೆಂಬುದನ್ನು ಆ ಹೆಸರೇ ಸಾರುತ್ತದೆ. 1471ರಲ್ಲಿ ಪೋರ್ಚುಗೀಸರು ಬಂದಿಳಿದರು. 1482ರಲ್ಲಿ ಎಲ್ಮಿನಾದಲ್ಲಿ ಕೋಟೆ ಕಟ್ಟಿದರು. ಅವರ ಬೆನ್ನಿಗೆ ಡಚ್ಚರು, ಡೇನರು, ಆಂಗ್ಲರು ಬಂದರು. ಮೊದಲು ಚಿನ್ನವನ್ನು ಸಾಗಿಸಿದರು. ಬಳಿಕ ಮನುಷ್ಯರನ್ನೇ ಸರಕಿನಂತೆ ಹಡಗುಗಳಲ್ಲಿ ತುಂಬಿ ಮಾರಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಳನಾಡಿನ ಅಶಾಂಟಿ ರಾಜ್ಯವೂ ಆಂಗ್ಲರ ವಶವಾಯಿತು. ಅಲ್ಲಿಯ ರೈತರು ಕಾಡು ಕಡಿದು ಕೋಕೋ ಬೆಳೆದು, 1911ರ ವೇಳೆಗೆ ತಮ್ಮ ನಾಡನ್ನು ಜಗತ್ತಿನಲ್ಲೇ ಅತಿ ಹೆಚ್ಚು ಕೋಕೋ ಬೆಳೆಯುವ ನಾಡನ್ನಾಗಿ ಮಾಡಿದರು. ಆದರೆ ಬೆವರು ಸುರಿಸಿ ಬೆಳೆದವನಿಗೆ ಬೆಲೆ ಕಟ್ಟುವ ಅಧಿಕಾರವಿರಲಿಲ್ಲ.

ಇಂತಹ ನಾಡಿನ ಪಶ್ಚಿಮ ಮೂಲೆಯ ಎನ್‌ಕ್ರೊಫುಲ್ ಎಂಬ ಕುಗ್ರಾಮದಲ್ಲಿ 1909ನೆಯ ಇಸವಿಯಲ್ಲಿ ಕ್ವಾಮೆ ಎನ್‌ಕ್ರುಮಾ ಜನಿಸಿದರು. ಶನಿವಾರ ಹುಟ್ಟಿದ ಗಂಡುಮಗುವಿಗೆ ಕ್ವಾಮೆ ಎಂದು ಹೆಸರಿಡುವುದು ಅಲ್ಲಿಯ ಜನರ ಸಂಪ್ರದಾಯ. ತಂದೆ ಅಕ್ಕಸಾಲಿಗರು, ತಾಯಿ ನ್ಯಾನಿಬಾ ಚಿಲ್ಲರೆ ವ್ಯಾಪಾರ ಮಾಡುತ್ತಿದ್ದವರು. ಅವರಿಗೆ ಕ್ವಾಮೆ ಒಬ್ಬನೇ ಮಗ. ಓದುಬರಹದ ಬೆಲೆಯನ್ನರಿತ ಆಕೆ ಮಗನನ್ನು ಪಾದ್ರಿಗಳ ಶಾಲೆಗೆ ಸೇರಿಸಿದರು. ಮುಂದೆ ರಾಜಧಾನಿ ಅಕ್ರಾದ ಬಳಿಯ ಅಚಿಮೋಟಾ ಕಾಲೇಜಿನಲ್ಲಿ ಶಿಕ್ಷಕ ತರಬೇತಿ ಮುಗಿಸಿ, 1930ರಿಂದ ಕೆಲವು ವರ್ಷ ಎನ್‌ಕ್ರುಮಾ ಮಕ್ಕಳಿಗೆ ಪಾಠ ಹೇಳಿದರು. ಕಾಯಂ ಸಂಬಳದ ಮೇಷ್ಟರ ಕೆಲಸ ಸಣ್ಣದೇನಲ್ಲ. ಆದರೂ ಹೆಚ್ಚಿನ ವಿದ್ಯೆಯ ಹಂಬಲದಿಂದ ಬಂಧುಗಳಿಂದ ಹಣ ಕೂಡಿಸಿಕೊಂಡು 1935ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದರು.

ನಮ್ಮ ವಾಚಕರಲ್ಲಿ ಅನೇಕರಿಗೆ ಈ ಕಥೆಯ ಮುಂದಿನ ಭಾಗ ತೀರ ಪರಿಚಿತವೆನಿಸೀತು. ಪೆನ್ಸಿಲ್ವೇನಿಯಾದ ಲಿಂಕನ್ ವಿಶ್ವವಿದ್ಯಾಲಯವನ್ನು ಸೇರಿದ ಎನ್‌ಕ್ರುಮಾ ಅವರ ಕೈಯಲ್ಲಿ ಹಣ ನಿಲ್ಲಲಿಲ್ಲ. ರಜೆ ಬಂದಾಗಲೆಲ್ಲ ಹೊಟ್ಟೆಪಾಡಿನ ಚಿಂತೆ. ನ್ಯೂಯಾರ್ಕಿನ ಹಾರ್ಲೆಮ್ ಬೀದಿಯಲ್ಲಿ ಮೀನು ಮಾರಿದರು. ಸಾಬೂನಿನ ಕಾರ್ಖಾನೆಯಲ್ಲಿ ಕೊಳೆತ ಕೊಬ್ಬಿನ ರಾಶಿಯನ್ನು ಕೈಗಾಡಿಗೆ ತುಂಬಿದರು. ಮಲಗಲು ಜಾಗವಿಲ್ಲದ ರಾತ್ರಿಗಳಲ್ಲಿ ಒಂದೇ ಟಿಕೇಟಿನಲ್ಲಿ ನೆಲದಡಿಯ ರೈಲುಗಾಡಿಯಲ್ಲಿ ಆ ತುದಿಯಿಂದ ಈ ತುದಿಗೆ ಪ್ರಯಾಣಿಸುತ್ತ ಬೆಳಗು ಮಾಡಿದರು. ಆಮೇಲೆ ನ್ಯೂಯಾರ್ಕಿನಿಂದ ಮೆಕ್ಸಿಕೋ ದೇಶದ ವೆರಾಕ್ರೂಜ್ ಬಂದರಿಗೆ ಹೋಗುವ ಹಡಗಿನಲ್ಲಿ ಊಟ ಬಡಿಸುವ ಕೆಲಸ ಹಿಡಿದರು. ಬಡಿಸುವ ಅನುಭವವಿಲ್ಲವೆಂಬುದು ಬೇಗನೆ ಬಯಲಾಯಿತು. ಅಡುಗೆಮನೆಗೆ ಇಳಿಸಿ, ಪಾತ್ರೆ ಉಜ್ಜುವುದಕ್ಕೆ ಹಚ್ಚಿದರು. ಅಲ್ಲಿಂದ ಮೆಲ್ಲಮೆಲ್ಲನೆ ಪುನಃ ಬಡಿಸುವ ಕೆಲಸಕ್ಕೆ ಏರಿದರು. ಮೋರಿಯ ಬಳಿ ಕುಳಿತು ಲೋಟ ತೊಳೆದು, ಟೇಬಲ್ ಒರೆಸಿ, ಬಳಿಕ ಸಪ್ಲೈಗೆ ನಿಂತ ನಮ್ಮ ಹುಡುಗರಿಗೆ ಈ ಮೆಟ್ಟಿಲುಗಳ ಲೆಕ್ಕವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಯುದ್ಧಕಾಲದಲ್ಲಿ ಅವರು ಹಡಗು ಕಟ್ಟುವ ಕಾರ್ಖಾನೆಯೊಂದರಲ್ಲಿ ಮಧ್ಯರಾತ್ರಿಯಿಂದ ಬೆಳಗಿನ ಎಂಟು ಗಂಟೆಯವರೆಗೆ ದುಡಿದು, ಹಗಲು ಓದಿದರು. ಚಳಿಗಾಲದಲ್ಲಿ ಉಕ್ಕಿಗೆ ಕೈ ಅಂಟಿಕೊಳ್ಳುವಂತಹ ಶೀತ. ನ್ಯುಮೋನಿಯಾ ತಗುಲಿ ಆಸ್ಪತ್ರೆಯನ್ನೂ ಸೇರಿದ್ದಾಯಿತು. ಆದರೂ ಓದು ಬಿಡಲಿಲ್ಲ. 1939ರಲ್ಲಿ ಪದವಿ, 1942ರಲ್ಲಿ ದೇವತಾಶಾಸ್ತ್ರ ಮತ್ತು ಶಿಕ್ಷಣಶಾಸ್ತ್ರ, 1943ರಲ್ಲಿ ತತ್ತ್ವಶಾಸ್ತ್ರ, ಹೀಗೆ ಒಂದರ ಮೇಲೊಂದು ಪರೀಕ್ಷೆ ಗೆದ್ದರು. ಹಗಲು ಹೋಟೆಲಿನಲ್ಲಿ ದುಡಿದು ಮುಂಬಯಿಯ ರಾತ್ರಿಶಾಲೆಗಳಲ್ಲಿ ಕಲಿತು ಮೇಲೆ ಬಂದ ಕನ್ನಡಿಗರು ಈ ಸಾಹಸದ ಬೆಲೆಯನ್ನು ಬಲ್ಲರು.

1945ರಲ್ಲಿ ಎನ್‌ಕ್ರುಮಾ ಲಂಡನ್ನಿಗೆ ಬಂದರು. ಅದೇ ವರ್ಷ ಮ್ಯಾಂಚೆಸ್ಟರಿನಲ್ಲಿ ಜರುಗಿದ ಐದನೆಯ ಅಖಿಲ ಆಫ್ರಿಕ ಸಮ್ಮೇಳನದ ಏರ್ಪಾಡಿನಲ್ಲಿ ಜಾರ್ಜ್ ಪ್ಯಾಡ್ಮೋರ್ ಅವರೊಡನೆ ದುಡಿದರು. 1947ರ ಆಗಸ್ಟಿನಲ್ಲಿ ಭಾರತ ಸ್ವತಂತ್ರವಾಯಿತು. ಆ ವಾರ್ತೆ ದಾಸ್ಯದಲ್ಲಿದ್ದ ಎಲ್ಲ ನಾಡುಗಳಿಗೂ ಧೈರ್ಯ ತಂದಿತು. ಅದೇ ತಿಂಗಳು ಗೋಲ್ಡ್ ಕೋಸ್ಟಿನಲ್ಲಿ ವಕೀಲ ಡ್ಯಾಂಕ್ವಾ ಮೊದಲಾದ ಗಣ್ಯರು ಒಂದು ರಾಜಕೀಯ ಸಂಸ್ಥೆಯನ್ನು ಕಟ್ಟಿದರು. ಅದಕ್ಕೆ ಪೂರ್ಣಕಾಲಿಕ ಕಾರ್ಯದರ್ಶಿ ಬೇಕಾದಾಗ ಅಕೋ ಅಡ್ಜೆಯಿ ಎಂಬ ಮಿತ್ರರು ಎನ್‌ಕ್ರುಮಾ ಹೆಸರನ್ನು ಸೂಚಿಸಿದರು. ಹನ್ನೆರಡು ವರ್ಷಗಳ ಪರದೇಶವಾಸ ಮುಗಿಸಿ 1947ರ ಡಿಸೆಂಬರಿನಲ್ಲಿ ಅವರು ಮನೆಗೆ ಮರಳಿದರು.

ನಾಡು ಆಗ ಕುದಿಯುತ್ತಿತ್ತು. ಆಮದು ಬಟ್ಟೆಬರೆಗಳ ಬೆಲೆ ಗಗನಕ್ಕೇರಿತ್ತು. ರೋಗ ತಗುಲಿದ ಕೋಕೋ ಮರಗಳನ್ನು ಸರಕಾರ ಕಡಿಸುತ್ತಿದ್ದುದರಿಂದ ರೈತರು ಕೆರಳಿದ್ದರು. ಬರ್ಮಾದ ರಣರಂಗದಲ್ಲಿ ಆಂಗ್ಲರ ಪರವಾಗಿ ಹೋರಾಡಿ ಬಂದ ಸೈನಿಕರಿಗೆ ಉದ್ಯೋಗವಿರಲಿಲ್ಲ. 1948ರ ಫೆಬ್ರವರಿ 28ರಂದು ಈ ಮಾಜಿ ಸೈನಿಕರು ಬರಿಗೈಯಲ್ಲಿ ಗವರ್ನರರ ನಿವಾಸಕ್ಕೆ ಮೆರವಣಿಗೆ ಹೊರಟಾಗ ಪೋಲೀಸರು ಗುಂಡು ಹಾರಿಸಿದರು. ಮೂವರು ಮಡಿದರು. ಅಕ್ರಾ ನಗರ ಹೊತ್ತಿ ಉರಿಯಿತು. ಎನ್‌ಕ್ರುಮಾ, ಡ್ಯಾಂಕ್ವಾ, ಅಡ್ಜೆಯಿ ಸೇರಿ ಆರು ಮಂದಿ ನಾಯಕರನ್ನು ಸರಕಾರ ಬಂಧಿಸಿತು.

ಬಿಡುಗಡೆಯಾದ ಬಳಿಕ ನಾಯಕರಲ್ಲಿ ಒಡಕು ಮೂಡಿತು. ವಕೀಲರೂ ವರ್ತಕರೂ ಹಂತಹಂತವಾಗಿ ಸ್ವರಾಜ್ಯ ಬರಲೆಂದರು. ಎನ್‌ಕ್ರುಮಾ ಈಗಲೇ ಬೇಕೆಂದರು. ಹೊಸ ರಾಜ್ಯಾಂಗದ ಸಲಹೆಗೆ ನೇಮಿಸಿದ ಸಮಿತಿಯಲ್ಲಿ ಸರಕಾರ ಅವರಿಗೆ ಸ್ಥಾನ ಕೊಡಲಿಲ್ಲ. ಅವರು ಸ್ವಂತ ಪತ್ರಿಕೆಯಾದ ಅಕ್ರಾ ಈವ್ನಿಂಗ್ ನ್ಯೂಸ್ ಅನ್ನು ಆರಂಭಿಸಿ, 1949ರ ಜೂನ್ 12ರಂದು ತಮ್ಮದೇ ಆದ ಜನತಾ ಪಕ್ಷವನ್ನು ಕಟ್ಟಿದರು. ಅಲ್ಪ ಸಂಬಳದ ಗುಮಾಸ್ತರು, ಸಂತೆಯಲ್ಲಿ ವ್ಯಾಪಾರ ಮಾಡುವ ಹೆಂಗಸರು, ಅರ್ಧಕ್ಕೆ ಶಾಲೆ ಬಿಟ್ಟ ಹುಡುಗರು ಆ ಪಕ್ಷದ ಬೆನ್ನೆಲುಬಾದರು. ಗಾಂಧೀಜಿಯವರ ಮಾರ್ಗವನ್ನು ಅಭ್ಯಸಿಸಿದ್ದ ಎನ್‌ಕ್ರುಮಾ 1950ರ ಜನವರಿ 8ರಂದು ಅಹಿಂಸಾತ್ಮಕ ಹರತಾಳಕ್ಕೆ ಕರೆಯಿತ್ತರು. ಸರಕಾರ ಅವರನ್ನು ಹಿಡಿದು ಮೂರು ವರ್ಷ ಸೆರೆಮನೆಗೆ ಅಟ್ಟಿತು. ಬರೆಯಲು ಕಾಗದವಿಲ್ಲದ ಅಲ್ಲಿ ಶೌಚದ ಕಾಗದದ ಮೇಲೆ ಪೆನ್ಸಿಲಿನ ತುಂಡಿನಿಂದ ಬರೆದು ಪಕ್ಷಕ್ಕೆ ಗುಟ್ಟಾಗಿ ಸೂಚನೆ ಕಳುಹಿಸುತ್ತಿದ್ದರು.

1951ರ ಫೆಬ್ರವರಿಯಲ್ಲಿ ಹೊಸ ರಾಜ್ಯಾಂಗದಂತೆ ಚುನಾವಣೆ ಬಂದಿತು. ಒಂದು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯಾದವನು ಸ್ಪರ್ಧಿಸಬಾರದೆಂದು ನಿಯಮ. ಆದರೆ ಎನ್‌ಕ್ರುಮಾ ಅವರ ಮೂರು ವರ್ಷ ಒಂದೇ ಶಿಕ್ಷೆಯಾಗಿರದೆ, ಒಂದೊಂದು ವರ್ಷದ ಬೇರೆ ಬೇರೆ ಶಿಕ್ಷೆಗಳ ಮೊತ್ತವಾಗಿತ್ತು. ಹೀಗೆ ಸೆರೆಮನೆಯಲ್ಲಿದ್ದೇ ಸ್ಪರ್ಧಿಸಿದ ಅವರಿಗೆ ಅಕ್ರಾ ಕ್ಷೇತ್ರದಲ್ಲಿ 23,122 ಮತಗಳಲ್ಲಿ 22,780 ಮತಗಳು ದೊರೆತವು. ಜನರು ಆರಿಸುವ 38 ಸ್ಥಾನಗಳಲ್ಲಿ 34 ಅವರ ಪಕ್ಷಕ್ಕೆ ಬಂದವು. ಗವರ್ನರ್ ಆರ್ಡನ್ ಕ್ಲಾರ್ಕ್ ವಿವೇಕದಿಂದ ವರ್ತಿಸಿ ಫೆಬ್ರವರಿ 12ರಂದು ಬಾಗಿಲು ತೆರೆಸಿದರು. ನಿನ್ನೆಯ ಕೈದಿಯನ್ನೇ ಸರಕಾರ ರಚಿಸಲು ಆಹ್ವಾನಿಸಿದರು. ಸೆರೆವಾಸ ಕಂಡ ಪಕ್ಷದವರು ಅದನ್ನೇ ಒಂದು ಪದವಿಯೆಂದು ಬಗೆದು ಟೋಪಿಯ ಮೇಲೆ ಪಿ. ಜಿ. ಎಂಬ ಅಕ್ಷರಗಳನ್ನು ಧರಿಸಿ ಮೆರೆದರು.

ಮರುವರ್ಷ ಎನ್‌ಕ್ರುಮಾ ಪ್ರಧಾನಮಂತ್ರಿಯಾದರು. ಪ್ರಾಥಮಿಕ ಶಾಲೆಗಳಲ್ಲಿ ಶುಲ್ಕವನ್ನು ತೆಗೆದುಹಾಕಿದರು. ಕೋಕೋ ಬೆಲೆಯ ವಿಚಾರದಲ್ಲಿ ಅಶಾಂಟಿ ನಾಡಿನವರು ಮುನಿದು ಪ್ರತ್ಯೇಕ ಅಧಿಕಾರ ಕೇಳಿದಾಗ, ಆಂಗ್ಲರು ಮತ್ತೊಂದು ಚುನಾವಣೆ ಆಗಲೇಬೇಕೆಂದರು. 1956ರಲ್ಲಿ 104 ಸ್ಥಾನಗಳ ಪೈಕಿ 71ನ್ನು ಗೆದ್ದು ಆ ಪರೀಕ್ಷೆಯಲ್ಲೂ ಅವರು ತೇರ್ಗಡೆಯಾದರು. 1957ರ ಮಾರ್ಚ್ 6ರ ಮಧ್ಯರಾತ್ರಿ ಅಕ್ರಾದ ಹಳೆಯ ಪೋಲೋ ಮೈದಾನದಲ್ಲಿ ಆಂಗ್ಲರ ಧ್ವಜ ಇಳಿಯಿತು. ಘಾನಾ ಎಂಬ ಪ್ರಾಚೀನ ಆಫ್ರಿಕ ಸಾಮ್ರಾಜ್ಯದ ಹೆಸರು ಹೊತ್ತು ಹೊಸ ರಾಷ್ಟ್ರ ಉದಯಿಸಿತು. 1960ರ ಜುಲೈ 1ರಂದು ಅದು ಗಣರಾಜ್ಯವಾಗಿ, ಎನ್‌ಕ್ರುಮಾ ಅಧ್ಯಕ್ಷರಾದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಸತ್ಯವನ್ನು ಮರೆಮಾಚಿ ಬರೆದ ಜೀವನಚರಿತ್ರೆಯಿಂದ ವಾಚಕರಿಗೆ ಪ್ರಯೋಜನವಿಲ್ಲ. ತೇಮಾ ಬಂದರು, ವೋಲ್ಟಾ ನದಿಗೆ ಅಕೊಸೊಂಬೋ ಅಣೆಕಟ್ಟು, ಶಾಲೆ, ರಸ್ತೆ, ಇವೆಲ್ಲ ಎನ್‌ಕ್ರುಮಾ ಅವರ ಕಾಲದ ಕೊಡುಗೆಗಳು. 1963ರಲ್ಲಿ ಆಫ್ರಿಕ ರಾಷ್ಟ್ರಗಳ ಐಕ್ಯ ಸಂಸ್ಥೆ ಹುಟ್ಟಿದ್ದರಲ್ಲೂ ಅವರ ಪಾತ್ರ ದೊಡ್ಡದು. ಆದರೆ 1958ರಲ್ಲಿಯೇ, ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಕಾಯಿದೆಯನ್ನು ಅವರ ಸರಕಾರ ತಂದಿತ್ತು. 1962ರಲ್ಲಿ ಅವರ ಮೇಲೆ ಬಾಂಬು ದಾಳಿಯಾದಾಗ, ಅವರ ಹೆಸರನ್ನು ಸೂಚಿಸಿ ಲಂಡನ್ನಿನಿಂದ ಕರೆತರಿಸಿದ ಅಕೋ ಅಡ್ಜೆಯಿ ಅವರನ್ನೇ ಬಂಧಿಸಲಾಯಿತು. ನ್ಯಾಯಾಲಯ ಅಡ್ಜೆಯಿ ಅವರನ್ನು ನಿರ್ದೋಷಿಯೆಂದು ಬಿಟ್ಟಾಗ ಎನ್‌ಕ್ರುಮಾ ಮುಖ್ಯ ನ್ಯಾಯಾಧೀಶರನ್ನೇ ಪದಚ್ಯುತಗೊಳಿಸಿದರು. 1964ರಲ್ಲಿ ದೇಶಕ್ಕೆ ಒಂದೇ ಪಕ್ಷವೆಂದು ನಿಯಮವಾಯಿತು. 1965ರ ಫೆಬ್ರವರಿಯಲ್ಲಿ ವೃದ್ಧ ಡ್ಯಾಂಕ್ವಾ ಸೆರೆಮನೆಯಲ್ಲೇ ಕೊನೆಯುಸಿರೆಳೆದರು. ಕೋಕೋ ಬೆಲೆ ಕುಸಿಯಿತು, ಸಾಲ ಬೆಳೆಯಿತು, ಅಂಗಡಿಗಳಲ್ಲಿ ಸಾಮಾನಿಗೆ ಬರ ಬಂದಿತು.

1966ರ ಫೆಬ್ರವರಿ 24ರಂದು, ಎನ್‌ಕ್ರುಮಾ ಹನೋಯಿಗೆ ಹೊರಟು ಚೀನಾದಲ್ಲಿದ್ದಾಗ, ಸೈನ್ಯವೂ ಪೋಲೀಸರೂ ಸೇರಿ ಅಧಿಕಾರ ಕಸಿದುಕೊಂಡರು. ಒಮ್ಮೆ ಜಯಕಾರ ಕೂಗಿದ ಬೀದಿಗಳಲ್ಲೇ ಜನರು ಹರ್ಷದಿಂದ ಕುಣಿದರು. ಅವರ ವಿಗ್ರಹವನ್ನು ಉರುಳಿಸಿದರು. ಗಿನಿ ದೇಶದ ಅಧ್ಯಕ್ಷ ಸೆಕೂ ತೂರೆ ಆಶ್ರಯವಿತ್ತರು. ತಾಯ್ನಾಡನ್ನು ಮತ್ತೆ ಕಾಣದೆ 1972ರ ಏಪ್ರಿಲ್ 27ರಂದು ರುಮೇನಿಯಾದ ಬುಕಾರೆಸ್ಟಿನಲ್ಲಿ ಎನ್‌ಕ್ರುಮಾ ಕ್ಯಾನ್ಸರಿನಿಂದ ನಿಧನರಾದರು. ಬಳಿಕ ಜನರ ಮನಸ್ಸು ಕರಗಿತು. ಪಾರ್ಥಿವ ಶರೀರವನ್ನು ಅದೇ ವರ್ಷ ಹುಟ್ಟೂರಿಗೆ ತಂದು ಮಣ್ಣುಮಾಡಿದರು. 1992ರಲ್ಲಿ ಅಕ್ರಾದ ಅದೇ ಪೋಲೋ ಮೈದಾನದಲ್ಲಿ ಸ್ಮಾರಕ ನಿರ್ಮಿಸಿ ಅಲ್ಲಿ ಇರಿಸಿದರು. ಜನರು ಒಡೆದಿದ್ದ ವಿಗ್ರಹಕ್ಕೂ ಆ ಆವರಣದಲ್ಲಿ ಸ್ಥಾನ ಸಿಕ್ಕಿತು.

ಪಾತ್ರೆ ಉಜ್ಜಿದ ಕೈ ರಾಷ್ಟ್ರವನ್ನು ಕಟ್ಟಬಲ್ಲದೆಂಬುದು ಈ ಜೀವನದ ಪೂರ್ವಾರ್ಧ ಹೇಳುವ ಮಾತು. ದಿನವಿಡೀ ದುಡಿದು ದಣಿದ ತರುಣರು ಅದನ್ನು ನೆನೆದು ಪುಸ್ತಕ ತೆರೆಯಲಿ. ಉತ್ತರಾರ್ಧದ ಮಾತು ಕಹಿಯಾದರೂ ಅಷ್ಟೇ ಮುಖ್ಯವಾದುದು. ಪರರಿಂದ ಪಡೆದ ಸ್ವರಾಜ್ಯದಲ್ಲಿ ಎದುರು ಮಾತಾಡುವ ನೆರೆಯವನಿಗೂ ಪಾಲಿದೆ. ಆ ಪಾಲನ್ನು ಅವನಿಗೆ ತಪ್ಪಿಸಿದರೆ, ಎಷ್ಟೇ ದೊಡ್ಡ ಅಣೆಕಟ್ಟನ್ನು ಕಟ್ಟಿದ ನಾಯಕನಿಗೂ ಜನರ ಮನಸ್ಸಿನಲ್ಲಿ ಸ್ಥಾನ ಉಳಿಯುವುದು ಕಷ್ಟ.