ಉಪ್ಪುನೀರಿನ ಕೆಸರಿನಲ್ಲಿ ಕಾಡು ಬೆಳೆಸಿದ ಪೊಕ್ಕುಡನ್

ಕೇರಳದ ಕಣ್ಣೂರು ಜಿಲ್ಲೆಯ ಏಳೋಂ ಗ್ರಾಮದಲ್ಲಿ 1989ರಲ್ಲಿ ಐವತ್ತು ದಾಟಿದ ಕೃಷಿ ಕಾರ್ಮಿಕರೊಬ್ಬರು ಹೊಳೆಯ ಕೆಸರಿಗಿಳಿದು ಕಾಂಡ್ಲದ ಬೀಜಗಳನ್ನು ಊರತೊಡಗಿದರು. ಕಡಲಂಚಿನ ಸಸ್ಯಗಳು ಹಿಡಿದಿಡುವ ಇಂಗಾಲಕ್ಕೆ ‘ನೀಲಿ ಇಂಗಾಲ’ ಎಂಬ ಹೆಸರು ಬೀಳಲು ಆಗ ಇನ್ನೂ ಇಪ್ಪತ್ತು ವರ್ಷ ಬಾಕಿಯಿತ್ತು. ಆ ಕಾರ್ಮಿಕರ ಲೆಕ್ಕಾಚಾರದಲ್ಲಿ ಇಂಗಾಲವಿರಲಿಲ್ಲ. ಹೊಳೆಬದಿಯ ಕಟ್ಟೆಯ ಮೇಲೆ ಶಾಲೆಗೆ ನಡೆದುಹೋಗುವ ಮಕ್ಕಳಿಗೆ ಮಳೆಗಾಲದ ಗಾಳಿ ಮತ್ತು ಅಲೆಗಳಿಂದ ಒಂದು ಮರೆ ಬೇಕಿತ್ತು, ಅಷ್ಟೆ.

ಅವರೇ ಕಲ್ಲೇನ್ ಪೊಕ್ಕುಡನ್. ಮಲಯಾಳಂನಲ್ಲಿ ಮ್ಯಾಂಗ್ರೋವ್ ಗಿಡಕ್ಕೆ ಕಂಡಲ್ ಎನ್ನುತ್ತಾರೆ. ನಮ್ಮ ಕರಾವಳಿಯವರ ಬಾಯಲ್ಲಿ ಅದೇ ಕಾಂಡ್ಲ. 2015ರ ಸೆಪ್ಟೆಂಬರ್ 27ರಂದು 78ನೇ ವಯಸ್ಸಿನಲ್ಲಿ ನಿಧನರಾಗುವ ಹೊತ್ತಿಗೆ ಅವರ ಹೆಸರಿನ ಹಿಂದೆ ಆ ಗಿಡ ಶಾಶ್ವತವಾಗಿ ಅಂಟಿಕೊಂಡಿತ್ತು. ಕಂಡಲ್ ಪೊಕ್ಕುಡನ್ ಎಂದರೆ ಕೇರಳದಲ್ಲಿ ಅರಿಯದವರು ಕಡಿಮೆ.

1937ರಲ್ಲಿ ಅವರು ಜನಿಸಿದ್ದು ಪುಲಯ ಸಮುದಾಯದ ಬಡ ಕುಟುಂಬದಲ್ಲಿ. ಅಕ್ಷರಾಭ್ಯಾಸ ಎರಡನೇ ತರಗತಿಗೆ ನಿಂತಿತು. ಉಳಿದ ವಿದ್ಯೆಯನ್ನೆಲ್ಲ ಕಲಿಸಿದ್ದು ಕೈಪಾಡ್ ಗದ್ದೆಗಳು. ಉಬ್ಬರದ ಉಪ್ಪುನೀರು ನುಗ್ಗುವ ಈ ಗದ್ದೆಗಳಲ್ಲಿ ಮಳೆನೀರು ಉಪ್ಪನ್ನು ತೊಳೆದ ಮೇಲೆ ಮಣ್ಣಿನ ದಿಬ್ಬಗಳ ಮೇಲೆ ಭತ್ತ ಬೆಳೆಯುತ್ತಾರೆ. ಕೊಯ್ಲಿನ ನಂತರ ಅದೇ ನೀರಿನಲ್ಲಿ ಮೀನು, ಸಿಗಡಿ. ಕುಮಟಾ ತಾಲ್ಲೂಕಿನ ಅಘನಾಶಿನಿ ದಂಡೆಯ ಗಜನಿ ಗದ್ದೆಗಳನ್ನೂ ಅಲ್ಲಿನ ಕಗ್ಗ ಭತ್ತವನ್ನೂ ಬಲ್ಲವರಿಗೆ ಈ ವ್ಯವಸ್ಥೆ ಹೊಸದೆನಿಸದು. ಭೂಮಿ ಜಮೀನ್ದಾರರದು, ಕೆಸರಿನ ದುಡಿಮೆ ಪುಲಯರದು. ಯಾವ ಕಾಂಡ್ಲದ ಬೇರಿನ ಸಂದಿಯಲ್ಲಿ ಯಾವ ಮೀನು ಮರಿಯಿಡುತ್ತದೆ, ಕಟ್ಟೆ ಯಾವ ಅಮಾವಾಸ್ಯೆಯ ಉಬ್ಬರಕ್ಕೆ ಒಡೆಯುತ್ತದೆ ಎಂಬುದು ಒಡೆಯರಿಗಿಂತ ದುಡಿಯುವವರಿಗೇ ಚೆನ್ನಾಗಿ ತಿಳಿದಿತ್ತು.

ಯೌವನದಲ್ಲಿ ಪೊಕ್ಕುಡನ್ ಕಮ್ಯುನಿಸ್ಟ್ ಚಳವಳಿಯನ್ನು ಸೇರಿದರು. ಕೃಷಿ ಕಾರ್ಮಿಕರ ಹೋರಾಟದಲ್ಲಿ ತೊಡಗಿ ಸೆರೆವಾಸವನ್ನೂ ಅನುಭವಿಸಿದರು. ಕಾಲಾನಂತರ ಪಕ್ಷದಿಂದ ದೂರವಾದರು. ಜಾತಿಯ ಪ್ರಶ್ನೆಗೆ ಅಲ್ಲಿ ತಕ್ಕ ಉತ್ತರ ದೊರೆಯಲಿಲ್ಲವೆಂಬ ಅಸಮಾಧಾನ ಅವರಲ್ಲಿ ಕೊನೆಯವರೆಗೂ ಇತ್ತು. ಸಂಘಟನೆಯ ಬಲವಿಲ್ಲದೆ, ಸ್ವಂತ ಜಮೀನಿನ ಆಸರೆಯೂ ಇಲ್ಲದೆ ಅವರು ಹೊಳೆಯತ್ತ ತಿರುಗಿದ್ದು ಈ ಹಿನ್ನೆಲೆಯಲ್ಲಿ ಎಂಬುದನ್ನು ಮರೆಯುವಂತಿಲ್ಲ.

ಕಾಂಡ್ಲವೆಂದರೆ ಸೊಳ್ಳೆ, ಹಾವು ಮತ್ತು ಕೊಳಕಿನ ತಾಣವೆಂಬ ಭಾವನೆ ಬಲವಾಗಿದ್ದ ದಿನಗಳವು. ಕಡಿದು ಸೌದೆ ಮಾಡುವುದು, ಮಣ್ಣು ತುಂಬಿ ನಿವೇಶನ ಮಾಡುವುದು, ಸಿಗಡಿ ಕೆರೆ ತೋಡುವುದು ಸಾಮಾನ್ಯವಾಗಿತ್ತು. ಒಂದು ಕಾಲಕ್ಕೆ ಸುಮಾರು 700 ಚದರ ಕಿಲೋಮೀಟರ್‌ನಷ್ಟಿತ್ತೆಂದು ಅಂದಾಜಿಸಲಾದ ಕೇರಳದ ಕಾಂಡ್ಲ ಕಾಡು 1990ರ ದಶಕದ ಆರಂಭಕ್ಕೆ 17 ಚದರ ಕಿಲೋಮೀಟರ್‌ಗೆ ಕುಗ್ಗಿತ್ತು. ಹಾಗೆ ಉಳಿದುದರಲ್ಲಿ ದೊಡ್ಡ ಪಾಲು ಕಣ್ಣೂರಿನಲ್ಲೇ ಇತ್ತು.

ಪೊಕ್ಕುಡನ್ ಅನುಸರಿಸಿದ ವಿಧಾನ ತೀರ ಸರಳ. ರೈಸೋಫೊರಾ ಜಾತಿಯ ಕಾಂಡ್ಲದಲ್ಲಿ ಬೀಜ ಮರದ ಮೇಲೆಯೇ ಮೊಳೆತು, ನುಗ್ಗೆಕಾಯಿಯಂತೆ ಉದ್ದವಾಗಿ ಜೋತುಬಿದ್ದು, ಬಲಿತ ಮೇಲೆ ಕಳಚಿ ನೀರಿಗೆ ಬೀಳುತ್ತದೆ. ತೇಲಿಬಂದ ಇಂಥ ಮೊಳಕೆಗಳನ್ನು ಆಯ್ದು, ಇಳಿತದ ಹೊತ್ತಿನಲ್ಲಿ ಕೆಸರಿಗೆ ಊರಿದರಾಯಿತು. ಕಷ್ಟವಿದ್ದುದು ಊರುವುದರಲ್ಲಲ್ಲ, ಜಾಗ ಆರಿಸುವುದರಲ್ಲಿ. ಸದಾ ನೀರು ನಿಲ್ಲುವಲ್ಲಿ ಊರಿದರೆ ಮೊಳಕೆ ಉಸಿರುಗಟ್ಟುತ್ತದೆ, ಉಬ್ಬರ ತಲುಪದ ಕಡೆ ಒಣಗುತ್ತದೆ. ಜಗತ್ತಿನ ಹಲವೆಡೆ ಕೋಟ್ಯಂತರ ವೆಚ್ಚದ ನೆಡುತೋಪುಗಳು ನೆಲಕಚ್ಚಿದ್ದು ಇದೇ ತಪ್ಪಿನಿಂದ. ಹೊಳೆಯ ಏರಿಳಿತವನ್ನು ಬಾಲ್ಯದಿಂದ ಮೈಯಲ್ಲೇ ಕಲಿತಿದ್ದ ಪೊಕ್ಕುಡನ್ ಅವರಿಗೆ ಆ ಅಳತೆಗೆ ನಕ್ಷೆ ಬೇಕಾಗಲಿಲ್ಲ.

ಆದರೆ ನೆಟ್ಟ ಸಸಿಗಳು ನೀರಿಗೆ ಮಾತ್ರ ಬಲಿಯಾಗಲಿಲ್ಲ. ಜನರೇ ಅವನ್ನು ಕಿತ್ತೆಸೆದರು. ಅವರು ಮತ್ತೆ ನೆಟ್ಟರು. ಈ ಜಾತಿಯ ಒಂದು ಗಿಡಕ್ಕೆ ಮಲಯಾಳಂನಲ್ಲಿ ಭ್ರಾಂತನ್ ಕಂಡಲ್, ಅಂದರೆ ಹುಚ್ಚು ಕಾಂಡ್ಲ ಎಂಬ ಹೆಸರಿದೆ. ಅದನ್ನು ನೆಡುವವನಿಗೂ ಆ ಬಿರುದು ತಪ್ಪಲಿಲ್ಲ. ಕೆಲವೇ ವರ್ಷಗಳಲ್ಲಿ ಕಟ್ಟೆಯ ಅಂಚಿನಲ್ಲಿ ಹಸಿರು ಗೋಡೆ ಎದ್ದಿತು. ಅವರು ಬದುಕಿನಲ್ಲಿ ನೆಟ್ಟ ಕಾಂಡ್ಲಗಳ ಸಂಖ್ಯೆ ಒಂದು ಲಕ್ಷಕ್ಕೂ ಹೆಚ್ಚೆಂದು ಹೇಳಲಾಗುತ್ತದೆ.

ಸಸಿ ನೆಟ್ಟಷ್ಟಕ್ಕೆ ಅವರು ತೃಪ್ತರಾಗಲಿಲ್ಲ. ಶಾಲೆ ಕಾಲೇಜುಗಳಿಗೆ ಹೋಗಿ ಮಾತನಾಡಿದರು, ಸಂಶೋಧನಾ ವಿದ್ಯಾರ್ಥಿಗಳನ್ನು ಕೆಸರಿಗಿಳಿಸಿ ಗಿಡಗಳ ಭೇದ ತೋರಿಸಿಕೊಟ್ಟರು. ಅವರು ಹೇಳುತ್ತ ಹೋದದ್ದನ್ನು ಬೇರೆಯವರು ಅಕ್ಷರಕ್ಕಿಳಿಸಿ ರೂಪುಗೊಂಡ ಆತ್ಮಕಥೆ 2002ರಲ್ಲಿ ಹೊರಬಂದು ಮಲಯಾಳಂ ಓದುಗರ ಗಮನ ಸೆಳೆಯಿತು. ದಲಿತ ಬಾಲ್ಯ, ಪಕ್ಷದ ದಿನಗಳು ಮತ್ತು ಕಾಂಡ್ಲ ಮೂರೂ ಅದರಲ್ಲಿ ಬೆಸೆದುಕೊಂಡಿವೆ. ಪ್ರಶಸ್ತಿಗಳೂ ಬಂದವು, ಕೇರಳ ಅರಣ್ಯ ಇಲಾಖೆಯ ವನಮಿತ್ರ ಪುರಸ್ಕಾರ ಅವುಗಳಲ್ಲೊಂದು. 2004ರ ಸುನಾಮಿಯ ಬಳಿಕವಂತೂ ಕರಾವಳಿಯ ಹಸಿರು ತಡೆಗೋಡೆಯ ಚರ್ಚೆ ದೇಶದಲ್ಲೆಲ್ಲ ನಡೆಯಿತು.

ವಿಜ್ಞಾನದ ಲೆಕ್ಕ ಬಂದದ್ದು ಇನ್ನೂ ತಡವಾಗಿ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ವಲಯದ ಕಾಂಡ್ಲ ಕಾಡುಗಳನ್ನು ಅಳೆದ, 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೆಕ್ಟೇರಿಗೆ ಸರಾಸರಿ 1,023 ಟನ್ ಇಂಗಾಲ ಸಂಗ್ರಹವಿದೆಯೆಂದು ತೋರಿಸಿತು. ಅದರ ಬಹುಪಾಲು ಇರುವುದು ಮರದಲ್ಲಲ್ಲ, ಬುಡದ ಕೆಸರಿನಲ್ಲಿ. ಆಮ್ಲಜನಕವಿಲ್ಲದ ಆ ಮಣ್ಣಿನಲ್ಲಿ ಎಲೆ ಬೇರುಗಳು ಬೇಗ ಕೊಳೆಯುವುದಿಲ್ಲ. ಆದುದರಿಂದಲೇ ಕಾಂಡ್ಲ ಕಡಿದು ಕೆಸರು ಅಗೆದರೆ ಶತಮಾನಗಳ ಸಂಗ್ರಹ ಗಾಳಿಗೆ ಸೇರುತ್ತದೆ.

2021ರ ಅರಣ್ಯ ಸ್ಥಿತಿ ವರದಿಯ ಪ್ರಕಾರ ದೇಶದ ಕಾಂಡ್ಲ ಪ್ರದೇಶ 4,992 ಚದರ ಕಿಲೋಮೀಟರ್. ಕೇರಳದ ಪಾಲು 9, ಕರ್ನಾಟಕದ್ದು 13. ಕುಂದಾಪುರ, ಕಾರವಾರ ಮತ್ತು ಅಘನಾಶಿನಿಯ ಅಳಿವೆಗಳನ್ನೆಲ್ಲ ಸೇರಿಸಿದರೂ ನಮ್ಮದು ಬೆಂಗಳೂರಿನ ಕೆಲವು ಬಡಾವಣೆಗಳಷ್ಟೇ ವಿಸ್ತಾರ. 2023ರ ಕೇಂದ್ರ ಬಜೆಟ್‌ನಲ್ಲಿ ಪ್ರಕಟವಾದ ‘ಮಿಷ್ಟಿ’ ಯೋಜನೆ ಐದು ವರ್ಷಗಳಲ್ಲಿ ಸುಮಾರು 540 ಚದರ ಕಿಲೋಮೀಟರ್ ಕಾಂಡ್ಲ ಬೆಳೆಸುವ ಗುರಿ ಇಟ್ಟುಕೊಂಡಿತು. ಇಂಗಾಲಕ್ಕೆ ಬೆಲೆ ಕಟ್ಟುವ ಮಾರುಕಟ್ಟೆಯೂ ಬೆಳೆಯುತ್ತಿದೆ. ಆ ಹಣದಲ್ಲಿ ಕೆಸರಿಗಿಳಿಯುವವರಿಗೆ, ಚಿಪ್ಪು ಹೆಕ್ಕುವ ಹೆಂಗಸರಿಗೆ ಸಲ್ಲುವುದೆಷ್ಟು ಎಂಬ ಪ್ರಶ್ನೆಗೆ ಮಾತ್ರ ಸ್ಪಷ್ಟ ಉತ್ತರ ಇನ್ನೂ ಸಿಕ್ಕಿಲ್ಲ.

ಪೊಕ್ಕುಡನ್ ಅವರ ಊರಿನ ಹೆಸರು ಇನ್ನೊಂದು ದಾರಿಯಿಂದಲೂ ದಾಖಲೆಗೆ ಸೇರಿದೆ. ಉಪ್ಪು ತಾಳುವ ಎರಡು ಕೈಪಾಡ್ ಭತ್ತದ ತಳಿಗಳನ್ನು ಕೇರಳ ಕೃಷಿ ವಿಶ್ವವಿದ್ಯಾಲಯ 2010ರಲ್ಲಿ ಬಿಡುಗಡೆ ಮಾಡಿತು. ಅವುಗಳ ಹೆಸರು ಏಳೋಂ-1 ಮತ್ತು ಏಳೋಂ-2.